ಇಂಗ್ಲೆಂಡ್‌ನ ಮಿಡ್ ಸಫೋಕ್ ಕೌನ್ಸಿಲ್ ಗ್ರೀನ್ ಪಕ್ಷದ ಕೈಗೆ, 34 ಸೀಟಲ್ಲಿ 24! ಇಲ್ಲಿರೋ ನಮ್ಮೋರು ಯಾರಾದ್ರೂ ವೋಟ್ ಹಾಕಿದ್ರಾ?

ಸಫೋಕ್ ಸೊಸೆ · 6 ಮೇ 2023, ಮಧ್ಯಾಹ್ನ 2:10

ಇವತ್ತು ಇಲ್ಲಿ ಎಲ್ಲರೂ ಟಿವಿ ಮುಂದೆ ರಾಜ ಚಾರ್ಲ್ಸ್ ಪಟ್ಟಾಭಿಷೇಕ ನೋಡ್ತಾ ಕೂತಿದ್ದಾರೆ. ನನಗೆ ಮಾತ್ರ ನಿನ್ನೆ ಬಂದ ಫಲಿತಾಂಶದ್ದೇ ಗುಂಗು. ನಾವಿರೋದು ಸ್ಟೋಮಾರ್ಕೆಟ್‌ನಲ್ಲಿ. ಗುರುವಾರ ಮಿಡ್ ಸಫೋಕ್ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಚುನಾವಣೆ ಇತ್ತು. ಗ್ರೀನ್ಸ್‌ಗೆ 24, ಟೋರಿಗಳಿಗೆ (ಕನ್ಸರ್ವೇಟಿವ್ ಪಕ್ಷ) 6, ಲಿಬ್ ಡೆಮ್‌ಗೆ (ಲಿಬರಲ್ ಡೆಮಾಕ್ರಾಟ್ ಪಕ್ಷ) 4. ಲೇಬರ್‌ಗೆ ಒಂದೂ ಇಲ್ಲ. ಗೋಧಿ, ಬಾರ್ಲಿ ಬೆಳೆಯೋ ಸೀಮೆ ಇದು. ಇಂಥ ಕಡೆ ಟೋರಿ ಬಿಟ್ಟು ಬೇರೆಯವರು ಬರ್ತಾರೆ ಅಂತ ನಾವು ಬಂದಾಗ ಹೇಳಿದ್ರೆ ಯಾರೂ ನಂಬ್ತಿರಲಿಲ್ಲ.

ಇನ್ನೊಂದು ವಿಷಯ. ನಾನು ಇಲ್ಲಿ ಹಾಕಿದ ಮೊದಲ ವೋಟು ಇದು. ಬಂದು ನಾಲ್ಕು ವರ್ಷ ಆಯ್ತು, ನಮಗೂ ವೋಟಿದೆ ಅಂತ ಗೊತ್ತೇ ಇರಲಿಲ್ಲ! ವೀಸಾದಲ್ಲಿರೋರಿಗೆ ಏನಿರುತ್ತೆ ಅಂದ್ಕೊಂಡು ಸುಮ್ಮನಿದ್ವಿ. ಪಕ್ಕದ ಮನೆ ಅಜ್ಜಿ ಚಳಿಗಾಲದಲ್ಲಿ ಒಂದಿನ ಟೀ ಕುಡೀತಾ, ಭಾರತ ಕಾಮನ್‌ವೆಲ್ತ್ ದೇಶ ಅಲ್ವಾ, ನಿಮಗೂ ಇದೆ, ಹೆಸರು ಸೇರಿಸು ಅಂದ್ರು. ಆನ್‌ಲೈನ್‌ನಲ್ಲಿ ಸೇರಿಸೋಕೆ ಐದು ನಿಮಿಷ ಹಿಡೀತು.

ಭಾರತದ ಪಾಸ್‌ಪೋರ್ಟ್ ಹಿಡ್ಕೊಂಡು ಹೋದೆ. ಬೂತ್‌ನಲ್ಲಿ ಕೂತಿದ್ದ ಹೆಂಗಸು ಪಟ್ಟಿ ಮೇಲೆ ಸ್ಕೇಲ್ ಇಟ್ಟು ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು ಮತಪತ್ರ ಹರಿದು ಕೊಟ್ರು. ಒಳಗೆ ದಾರ ಕಟ್ಟಿದ ಗಿಡ್ಡ ಪೆನ್ಸಿಲ್. ನಮ್ಮ ವಾರ್ಡಿಗೆ ಇಬ್ಬರು ಸದಸ್ಯರು, ಹಾಗಾಗಿ ಎರಡು ಕಡೆ ಗುಣಿಸು ಗುರುತು ಹಾಕಿ ಡಬ್ಬಿಗೆ ಹಾಕಿದೆ. ಮುಗೀತು. ಮನೆಗೆ ಬಂದು ಸುಮ್ಮಸುಮ್ಮನೆ ಎಡಗೈ ಬೆರಳು ನೋಡ್ಕೊಂಡೆ. ಶಾಯಿ ಇಲ್ಲದೆ ವೋಟು ಹಾಕಿದ ಹಾಗೇ ಅನ್ನಿಸಲಿಲ್ಲ.

ನನ್ನ ಪ್ರಶ್ನೆ ಎರಡು. ಇದು ಹೇಗಾಯ್ತು? ಇದರಿಂದ ನಮಗೆ ಏನು ಬದಲಾಗುತ್ತೆ?

ಲೆಕ್ಕಿಗ · 6 ಮೇ 2023, 2:55

ಮೊದಲು ಅಂಕಿ ನೋಡೋಣ. 2019ರಲ್ಲಿ ಇದೇ ಕೌನ್ಸಿಲ್‌ನಲ್ಲಿ ಟೋರಿ 16, ಗ್ರೀನ್ 12, ಲಿಬ್ ಡೆಮ್ 5, ಪಕ್ಷೇತರ 1. ಅಂದ್ರೆ ಗ್ರೀನ್ಸ್ ಆಗಲೇ ಬಾಗಿಲ ಹತ್ತಿರ ಬಂದು ನಿಂತಿದ್ರು. 12ರಿಂದ 24, ಸರಿಯಾಗಿ ಎರಡರಷ್ಟು. ಇಡೀ ಬ್ರಿಟನ್‌ನಲ್ಲಿ ಗ್ರೀನ್ ಪಕ್ಷಕ್ಕೆ ಸ್ವಂತ ಬಹುಮತ ಸಿಕ್ಕ ಮೊದಲ ಕೌನ್ಸಿಲ್ ಇದು. ಸ್ಟೋಮಾರ್ಕೆಟ್ ಹೆಸರು ಕೇಳಿರದವರೂ ನಿನ್ನೆ ಕೇಳಿದ್ದಾರೆ.

ಮಂಡ್ಯ ಬೆಲ್ಲ · 6 ಮೇ 2023, 3:02

10ನೇ ತಾರೀಕು ನಮ್ಮೂರಲ್ಲೇ ಎಲೆಕ್ಷನ್ ಮಡಿಕೊಂಡು ನೀವು ಸಫೋಕ್ ಲೆಕ್ಕ ಹಾಕ್ತಾ ಕೂತಿದ್ದೀರಲ್ಲಪ್ಪ!

ಬಿಸಿಬೇಳೆ · 6 ಮೇ 2023, 3:10

ಲೆಕ್ಕಿಗ ಅವರೇ, ಮೊದಲನೇದು ಹೇಗಾಗುತ್ತೆ? ಬ್ರೈಟನ್ ನಗರದ ಕೌನ್ಸಿಲ್ ಗ್ರೀನ್ಸ್ ಕೈಯಲ್ಲೇ ಇತ್ತಲ್ಲ ಇಷ್ಟು ದಿನ.

ಲೆಕ್ಕಿಗ · 6 ಮೇ 2023, 3:18

ಬ್ರೈಟನ್‌ನಲ್ಲಿ ಆಡಳಿತ ಇತ್ತು, ಬಹುಮತ ಇರಲಿಲ್ಲ. ಬೇರೆಯವರ ಮರ್ಜಿಯಲ್ಲಿ ನಡೆಸ್ತಿದ್ರು. ಮೊನ್ನೆ ಅದೂ ಹೋಯ್ತು: 54ರಲ್ಲಿ ಲೇಬರ್‌ಗೆ 38, ಗ್ರೀನ್ಸ್ 7ಕ್ಕೆ ಇಳಿದ್ರು. ಒಂದೇ ದಿನ, ಒಂದೇ ಪಕ್ಷ. ನಗರದಲ್ಲಿ ನೆಲಕಚ್ಚಿತು, ಹಳ್ಳಿಗಾಡಲ್ಲಿ ಗೆದ್ದಿತು. ಹಾಗಾಗಿ ಪರಿಸರದ ಅಲೆ ಅಂತೆಲ್ಲ ಯಾರಾದ್ರೂ ಬರೆದ್ರೆ ನಾನು ಒಪ್ಪಲ್ಲ.

ಹುಬ್ಬಳ್ಳಿ ಮಂದಿ · 6 ಮೇ 2023, 4:40

ಅಲೆನೂ ಇಲ್ಲ, ಏನೂ ಇಲ್ರೀ. ಟೋರಿ ಮ್ಯಾಲಿನ ಸಿಟ್ಟು, ಅಷ್ಟ. ಲಾಕ್‌ಡೌನ್‌ನಾಗ ಪಾರ್ಟಿ ಮಾಡಿದ್ರು, ಲಿಜ್ ಟ್ರಸ್ ಪ್ರಧಾನಿ ಆಗಿದ್ದ ಕಾಲಕ್ಕ ಮನಿ ಸಾಲದ ಬಡ್ಡಿ ಎಲ್ಲಿಗ್ಹೋತು, ನದಿಗೆ ಕೊಳಚಿ ನೀರು ಬಿಡಾಕತ್ತಾರ. ದೇಶದ ತುಂಬ ಸಾವಿರಕ್ಕೂ ಹೆಚ್ಚು ಸೀಟು ಕಳಕೊಂಡಾರ ಅವರು. 2002ರ ನಂತರ ಮೊದಲ ಸಲ ಲೇಬರ್ ಸ್ಥಳೀಯ ಮಟ್ಟದಾಗ ಅತಿ ದೊಡ್ಡ ಪಕ್ಷ ಆಗೇತಿ. ಮಂದಿ ಸಿಟ್ಟಿನ್ಯಾಗ ಯಾರ ಮುಂದ ಇದ್ರೋ ಅವರಿಗೆ ಒತ್ತಿ ಬಂದಾರ. ನಿಮ್ಮ ಕಡೆ ಗ್ರೀನ್ಸ್ ಇದ್ರು, ಅವರಿಗೆ ಬಿತ್ತು.

ಸಫೋಕ್ ಸೊಸೆ · 6 ಮೇ 2023, 5:25

ಒಪ್ಪಲ್ಲ ಅಣ್ಣ. ಬರೀ ಸಿಟ್ಟಾಗಿದ್ರೆ ಲೇಬರ್‌ಗೆ ಒಂದಾದ್ರೂ ಬರಬೇಕಿತ್ತಲ್ಲ? ದೇಶದ ತುಂಬ ಗೆದ್ದವರು ಇಲ್ಲಿ ಸೊನ್ನೆ ಯಾಕೆ?

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಗ್ರೀನ್ ಅಭ್ಯರ್ಥಿ ನಮ್ಮ ಮನೆ ಬಾಗಿಲಿಗೆ ಮೂರು ಸಲ ಬಂದಿದ್ರು. ಮೊದಲ ಸಲ ಬಂದಾಗ ಚುನಾವಣೆ ಹೆಸರೇ ಇರಲಿಲ್ಲ, ಹೋದ ವರ್ಷ ಸೆಪ್ಟೆಂಬರ್ ಅದು. ಹಿಂದಿನ ಕಾಲುದಾರಿಗೆ ಮುಳ್ಳುಗಿಡ ಬೆಳೆದು ಮಗೂನ ತಳ್ಳುಗಾಡಿ ಹೋಗ್ತಿಲ್ಲ ಅಂತ ನಾನು ಸುಮ್ಮನೆ ಮಾತಿಗೆ ಹೇಳಿದ್ದೆ. ಒಂದು ಚಿಕ್ಕ ಪುಸ್ತಕದಲ್ಲಿ ಬರ್ಕೊಂಡ್ರು. ಎರಡನೇ ಸಲ ಬಂದಾಗ, ಆ ದಾರಿ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ನವರದು, ಅವರಿಗೆ ಬರೆದಿದ್ದೀನಿ ಅಂತ ಪತ್ರದ ನಕಲು ತೋರಿಸಿದ್ರು. ಮೂರನೇ ಸಲ ಬಂದಾಗ ದಾರಿ ಸವರಿಸಿ ಆಗಿತ್ತು. ಮತ ಕೇಳೋದಕ್ಕಿಂತ ಮುಂಚೆ, ಈಗ ತಳ್ಳುಗಾಡಿ ಹೋಗುತ್ತಾ ಅಂತ ಕೇಳಿದ್ರು. ಇಂಥದನ್ನ ವರ್ಷಗಟ್ಟಲೆ ಬೀದಿಬೀದಿಯಲ್ಲಿ ಮಾಡಿದವರು ಗೆದ್ದಿದ್ದಾರೆ.

ಹುಬ್ಬಳ್ಳಿ ಮಂದಿ · 6 ಮೇ 2023, 5:31

ತಂಗೀ, ನಿಮ್ಮ ಓಣಿ ಒಂದ ಡಿಸ್ಟ್ರಿಕ್ಟ್ ಅಲ್ಲ. ಆದ್ರ ಲೇಬರ್ ಸೊನ್ನಿ ಅಂದ ಮಾತಿಗೆ ನನ್ನ ಕಡೆ ಉತ್ತರ ಇಲ್ಲ, ಅದು ಖರೇ.

ಹಳೇ ಟಪಾಲು · 6 ಮೇ 2023, ರಾತ್ರಿ 8:15

ಮೂವತ್ತು ವರ್ಷದಿಂದ ಇಲ್ಲಿರೋನು ನಾನು, ಎರಡನೇ ಪ್ರಶ್ನೆಗೆ ಉತ್ತರಿಸ್ತೀನಿ. ನಮ್ಮ ಮಾತಲ್ಲಿ ಹೇಳೋದಾದ್ರೆ ಕೌಂಟಿ ಅನ್ನೋದು ಜಿಲ್ಲಾ ಪಂಚಾಯಿತಿ ಇದ್ದ ಹಾಗೆ. ಅದರ ಕೆಳಗೆ ಡಿಸ್ಟ್ರಿಕ್ಟ್, ತಾಲ್ಲೂಕು ಪಂಚಾಯಿತಿ ಅನ್ಕೊಳ್ಳಿ. ಅದಕ್ಕೂ ಕೆಳಗೆ ಪ್ಯಾರಿಷ್, ಊರಿನ ಪಂಚಾಯಿತಿ. ಹೆಸರಲ್ಲಿ ಡಿಸ್ಟ್ರಿಕ್ಟ್ ಅಂತಿದೆ ಅಂತ ಜಿಲ್ಲೆ ಅಂದುಕೊಂಡ್ರೆ ಮೋಸ ಹೋಗ್ತೀರಿ. ಹೋಲಿಕೆ ಪೂರ್ತಿ ಸರಿಹೋಗಲ್ಲ, ಆದ್ರೂ ತಲೆಗೆ ಹತ್ತುತ್ತೆ.

ಶಾಲೆ, ರಸ್ತೆ, ವಯಸ್ಸಾದವರ ಆರೈಕೆ, ಲೈಬ್ರರಿ ಎಲ್ಲ ಕೌಂಟಿದು. ಡಿಸ್ಟ್ರಿಕ್ಟ್‌ನವರು ನೋಡ್ಕೊಳ್ಳೋದು ಕಸ, ಕೌನ್ಸಿಲ್ ಮನೆಗಳು, ಮನೆ ಕಟ್ಟೋ ಪರವಾನಗಿ, ಹೋಟೆಲ್ ಅಡುಗೆಮನೆ ತಪಾಸಣೆ, ಈಜುಕೊಳ ಇಂಥವು. ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಮನೆ ತೆರಿಗೆ, ಅದರ ಬಿಲ್ ಕಳಿಸೋದು, ದುಡ್ಡು ವಸೂಲಿ ಮಾಡೋದು ಡಿಸ್ಟ್ರಿಕ್ಟ್. ಆದ್ರೆ ಅದರಲ್ಲಿ ದೊಡ್ಡ ಪಾಲು ಕೌಂಟಿಗೆ ಹೋಗುತ್ತೆ, ಇನ್ನೊಂದು ಪಾಲು ಪೊಲೀಸ್‌ಗೆ. ಡಿಸ್ಟ್ರಿಕ್ಟ್ ಕೈಲಿ ಉಳಿಯೋದು ಚೂರು. ಬಿಲ್‌ನ ಹಿಂದೆ ವಿಂಗಡಿಸಿ ಬರೆದಿರ್ತಾರೆ, ನೋಡಿ.

ನನ್ನ ಗೆಳೆಯರೊಬ್ಬರು ರಸ್ತೆ ಗುಂಡಿ ಸಿಟ್ಟಿಗೆ ಡಿಸ್ಟ್ರಿಕ್ಟ್ ಸದಸ್ಯರನ್ನ ಸೋಲಿಸಿದೆ ಅಂತ ಹೇಳ್ತಿದ್ರು. ಗುಂಡಿಗೂ ಅವರಿಗೂ ಸಂಬಂಧವೇ ಇಲ್ಲ! ಇಂಥ ತಪ್ಪು ತಿಳಿವಳಿಕೆಯಿಂದ ಒಳ್ಳೆಯವರೂ ಸೋಲ್ತಾರೆ. ನನಗೆ ಬೇಜಾರು ಅದರದ್ದೇ.

ನಿಮಗೆ ಬದಲಾವಣೆ ಕಾಣೋದಾದ್ರೆ ಮನೆ ಕಟ್ಟೋ ವಿಷಯದಲ್ಲಿ. ಯಾವ ಹೊಲದಲ್ಲಿ ಇನ್ನೂರು ಮನೆ ಏಳಬೇಕು ಅನ್ನೋದು ಆ 34 ಜನರ ಕೈಯಲ್ಲಿದೆ.

ಬಿಸಿಬೇಳೆ · 6 ಮೇ 2023, 8:40

ಸ್ಟೋಮಾರ್ಕೆಟ್ ಕಡೆ ಹಸಿ ಕರಿಬೇವು ಎಲ್ಲಿ ಸಿಗುತ್ತೆ ಹೇಳ್ತೀರಾ? ಮುಂದಿನ ತಿಂಗಳು ಆ ಕಡೆ ಬರ್ತಿದ್ದೀವಿ.

ಸಫೋಕ್ ಸೊಸೆ · 6 ಮೇ 2023, 8:44

ಇಪ್ಸ್‌ವಿಚ್‌ಗೆ ಹೋಗ್ಬೇಕು. ನಾನು ಒಂದೇ ಸಲ ತಂದು ಫ್ರೀಜರ್‌ನಲ್ಲಿ ಇಡ್ತೀನಿ. ಬಂದಾಗ ಮನೆಗೆ ಬನ್ನಿ, ಕೊಡ್ತೀನಿ.

ಕಡಲ ತಡಿ · 7 ಮೇ 2023, ಬೆಳಿಗ್ಗೆ 9:20

ಒಂದು ಮಾತು ಕೇಳ್ತೇನೆ, ಯಾರೂ ಬೇಜಾರು ಮಾಡ್ಕೋಬೇಡಿ. ನಾವು ದುಡಿಯಲು ಬಂದವರು. ನಾಳೆ ಕೆಲಸ ಹೋದರೆ ಗಂಟುಮೂಟೆ ಕಟ್ಟಿ ಹೊರಡುವವರು. ಈ ಊರಿನಲ್ಲಿ ತಲೆತಲಾಂತರದಿಂದ ಇರುವವರ ಹೊಲದಲ್ಲಿ ಮನೆ ಕಟ್ಟಬೇಕೋ ಬೇಡವೋ ಎಂದು ನಾವು ತೀರ್ಮಾನ ಮಾಡುವುದು ಸರಿಯಾ? ಕಾನೂನಿನಲ್ಲಿ ಹಕ್ಕು ಇರಬಹುದು. ನನಗೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ನಮ್ಮೂರಿಗೆ ಎರಡು ವರ್ಷಕ್ಕೆ ಬಂದವರು ನಮ್ಮ ಪಂಚಾಯಿತಿಗೆ ವೋಟು ಹಾಕಿದರೆ ನಾವು ಸುಮ್ಮನಿರುತ್ತಿದ್ದೆವಾ?

ಹಳೇ ಟಪಾಲು · 7 ಮೇ 2023, 10:05

ನಿಮ್ಮ ಮನಸ್ಸು ಅರ್ಥ ಆಗುತ್ತೆ. ಆದ್ರೆ ಕೌನ್ಸಿಲ್ ಟ್ಯಾಕ್ಸ್ ತಿಂಗಳು ತಿಂಗಳು ಕಟ್ತೀರಲ್ಲ, ಆಗ ಯಾರೂ ನೀವು ಹೊರಗಿನವರು, ಬೇಡ ಬಿಡಿ ಅನ್ನಲ್ಲ. ಬಾಡಿಗೆ ಮನೆ ಗೋಡೆಗೆ ಬೂಷ್ಟು ಬಂದು ಮಗುಗೆ ಕೆಮ್ಮು ಹಿಡಿದಾಗ ನೀವು ದೂರು ಕೊಡೋದು ಇದೇ ಡಿಸ್ಟ್ರಿಕ್ಟ್‌ಗೆ. ತೆರಿಗೆ ಕಟ್ಟೋಕೆ ಊರಿನವರು, ಮಾತಾಡೋಕೆ ಹೊರಗಿನವರು ಅಂತ ನಮಗೆ ನಾವೇ ಹೇಳ್ಕೊಳ್ಳೋದು ನನಗೆ ಸರಿ ಕಾಣಲ್ಲ. ಮತ್ತೆ ಇದು ನಾವು ಕಿತ್ತುಕೊಂಡ ಹಕ್ಕೂ ಅಲ್ಲ. ಅವರದೇ ಪಾರ್ಲಿಮೆಂಟು ಮಾಡಿದ ಕಾನೂನು.

ಹುಬ್ಬಳ್ಳಿ ಮಂದಿ · 7 ಮೇ 2023, 10:12

ಇದಕ್ಕ ನಂದೂ ಸೈ. ವೋಟು ಹಾಕ್ಲಿಲ್ಲಂದ್ರ ನಮ್ಮ ಓಣಿಗೆ ಯಾವ ಅಭ್ಯರ್ಥಿನೂ ಬರಂಗಿಲ್ಲ. ಅವರ ಕೈಯಾಗ ಮತದಾರರ ಪಟ್ಟಿ ಇರ್ತೈತಿ, ಹೆಸರಿಲ್ಲದ ಮನಿ ದಾಟಿ ಹೋಗ್ತಾರ.

ಕಡಲ ತಡಿ · 7 ಮೇ 2023, 10:30

ಪಟ್ಟಿ ನೋಡಿ ಮನೆ ದಾಟಿ ಹೋಗುತ್ತಾರೆ ಎಂದು ಗೊತ್ತಿರಲಿಲ್ಲ. ಯೋಚನೆ ಮಾಡುತ್ತೇನೆ. ಇಲ್ಲಿ ವೋಟು ಹಾಕಿದರೆ ಭಾರತದ ಪಾಸ್‌ಪೋರ್ಟಿಗೆ ತೊಂದರೆ ಏನೂ ಇಲ್ಲವಾ?

ಲೆಕ್ಕಿಗ · 7 ಮೇ 2023, 10:41

ಏನೂ ಇಲ್ಲ. ವೋಟು ಹಾಕೋದಕ್ಕೂ ಪೌರತ್ವಕ್ಕೂ ಗಂಟಿಲ್ಲ. ಹೆಸರು ಸೇರಿಸಿ ಅಂತ ಕೌನ್ಸಿಲ್ ಪತ್ರ ಮೇಲೆ ಪತ್ರ ಬರೆದಾಗಲೂ ಸುಮ್ಮನಿದ್ರೆ 80 ಪೌಂಡ್ ದಂಡ ಹಾಕೋ ಅಧಿಕಾರ ಇದೆ ಅವರಿಗೆ. ಅಷ್ಟು ಗಟ್ಟಿಯಾಗಿ ಕರೀತಿದ್ದಾರೆ, ಹೋಗಿ.

ರಾತ್ರಿಪಾಳಿ · 7 ಮೇ 2023, ಮಧ್ಯಾಹ್ನ 1:50

ನಾನು ಬೇರೆ ಡಿಸ್ಟ್ರಿಕ್ಟ್‌ನಲ್ಲಿದ್ದೀನಿ. ಶುಕ್ರವಾರ ಎಣಿಕೆ ಕೆಲಸಕ್ಕೆ ಹೋಗಿದ್ದೆ, ದಿನಗೂಲಿ ಕೊಡ್ತಾರೆ. ಬ್ಯಾಡ್ಮಿಂಟನ್ ಆಡೋ ಹಾಲ್‌ನಲ್ಲಿ ಉದ್ದುದ್ದ ಮೇಜು. ಮೇಜಿನ ಆಚೆ ಕಡೆ ಪಕ್ಷಗಳ ಏಜೆಂಟರು ನಿಂತು ನಮ್ಮ ಬೆರಳನ್ನೇ ನೋಡ್ತಿರ್ತಾರೆ. ಮೊದಲು ಡಬ್ಬಿ ಸುರಿದು, ಯಾರಿಗೆ ಬಿದ್ದಿದೆ ಅಂತ ನೋಡದೆ ಬರೀ ಕಾಗದ ಎಣಿಸ್ತೀವಿ, ಬೂತ್‌ನಲ್ಲಿ ಕೊಟ್ಟ ಸಂಖ್ಯೆಗೆ ತಾಳೆ ಆಗಬೇಕು. ಆಮೇಲೆ ನಿಜವಾದ ಎಣಿಕೆ.

ಒಬ್ಬರೇ ಸದಸ್ಯರ ವಾರ್ಡಾದ್ರೆ ಬೇಗ ಮುಗಿಯುತ್ತೆ. ಎರಡು ಮೂರು ಸದಸ್ಯರ ವಾರ್ಡಿನಲ್ಲಿ ಇರೋದು ನೋಡಿ ಕಷ್ಟ. ಎಲ್ಲ ಗುರುತೂ ಒಂದೇ ಪಕ್ಷಕ್ಕೆ ಹಾಕಿದ್ದನ್ನ ಬೇರೆ ಕಟ್ಟು ಮಾಡ್ತೀವಿ. ಒಂದು ಇವರಿಗೆ, ಒಂದು ಅವರಿಗೆ ಹಾಕಿದ್ದನ್ನ ದೊಡ್ಡ ಹಾಳೆಯಲ್ಲಿ ಒಬ್ಬರು ಓದ್ತಾ ಇನ್ನೊಬ್ಬರು ಗೀಟು ಹಾಕಬೇಕು. ಈ ಸಲ ನನ್ನ ಮೇಜಿಗೆ ಒಂದು ಟೋರಿ, ಒಂದು ಗ್ರೀನ್ ಅಂತ ಹಾಕಿದ ಕಾಗದ ಎಷ್ಟು ಬಂದ್ವು ಅಂದ್ರೆ ನನಗೇ ಆಶ್ಚರ್ಯ. ಪಕ್ಷ ನೋಡಿ ಹಾಕಿದವರು ಹೀಗೆ ಹಾಕಲ್ಲ. ಗುರುತಿನ ಮನುಷ್ಯರನ್ನ ನೋಡಿ ಹಾಕಿದ್ದಾರೆ. ಸೊಸೆಯವರು ಹೇಳಿದ್ದು ನಿಜ ಇರಬೇಕು.

ಗುರುತಿನ ಬದಲು ಏನೇನೋ ಬರೆದಿರೋ ಮತಪತ್ರ ಬಂದ್ರೆ ಅಧಿಕಾರಿ ಒಂದೊಂದನ್ನೂ ಎತ್ತಿ ಏಜೆಂಟರಿಗೆ ತೋರಿಸಿ ತೀರ್ಮಾನ ಹೇಳ್ತಾರೆ. ಇಬ್ಬರಿಗೂ ಸಮ ಬಂದ್ರೆ? ಚೀಟಿ ಎತ್ತೋದೇ. ಕಾನೂನಲ್ಲೇ ಹಾಗಿದೆ.

ಮಂಡ್ಯ ಬೆಲ್ಲ · 7 ಮೇ 2023, 2:04

ನಾಕು ವರ್ಷದ ಅಧಿಕಾರ ಚೀಟೀಲಾ?! ಮರುಮತದಾನ ಮಾಡಿಸಬೇಕು ಕಣ್ರೀ.

ರಾತ್ರಿಪಾಳಿ · 7 ಮೇ 2023, 2:09

ನಮ್ಮ ದೇಶದಲ್ಲೂ ಅದೇ ಕಾನೂನು ಬೆಲ್ಲ ಅವರೇ, ಸಮ ಬಂದ್ರೆ ಲಾಟರಿ.

ತುಂಗಾತೀರ · 7 ಮೇ 2023, ಸಂಜೆ 6:30

ಈ ಸಲ ಮೊದಲ ಬಾರಿಗೆ ಫೋಟೊ ಇರೋ ಗುರುತಿನ ಚೀಟಿ ಕಡ್ಡಾಯ ಮಾಡಿದ್ರಲ್ಲ, ಅದರ ಬಗ್ಗೆ ಯಾರೂ ಬರೆದಿಲ್ಲ. ನನ್ನ ಜೊತೆ ಮನೆ ಹಂಚಿಕೊಂಡಿರೋ ಹುಡುಗಿ ಪಾಸ್‌ಪೋರ್ಟನ್ನ ವೀಸಾ ಕೆಲಸಕ್ಕೆ ಕಳಿಸಿದ್ದಳು. ರೈಲ್‌ಕಾರ್ಡ್ (ರೈಲು ಟಿಕೆಟ್ ರಿಯಾಯಿತಿ ಕಾರ್ಡ್) ತೋರಿಸಿದ್ರೆ ಆಗಲ್ಲ ಅಂದ್ರಂತೆ. ಅವಳ ಹಿಂದೆ ನಿಂತಿದ್ದ ವಯಸ್ಸಾದವರು ಬಸ್ ಪಾಸ್ ತೋರಿಸಿ ಒಳಗೆ ಹೋದ್ರಂತೆ. ಎರಡರಲ್ಲೂ ಫೋಟೊ ಇದೆ! ಹಿರಿಯರ ಪಾಸ್ ನಡೆಯುತ್ತೆ, ಹುಡುಗರದ್ದು ನಡೆಯಲ್ಲ ಅಂದ್ರೆ ಯಾವ ನ್ಯಾಯ? ಅವಳು ಮನೆಗೆ ಬಂದು ಮತ್ತೆ ಹೋಗಲೇ ಇಲ್ಲ. ಕಣ್ಣಲ್ಲಿ ನೀರಿತ್ತು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಲೆಕ್ಕಿಗ · 7 ಮೇ 2023, 6:48

ಅನ್ಯಾಯವೇ. ಮುಂದಿನ ಸಲಕ್ಕೆ ಎಲ್ಲರೂ ನೆನಪಿಟ್ಕೊಳ್ಳಿ: ಭಾರತದ ಪಾಸ್‌ಪೋರ್ಟ್ ನಡೆಯುತ್ತೆ, ಬಿ.ಆರ್.ಪಿ. ಕಾರ್ಡ್ (ವೀಸಾದವರಿಗೆ ಇಲ್ಲಿ ಕೊಟ್ಟಿರೋ ವಾಸದ ಕಾರ್ಡ್) ನಡೆಯುತ್ತೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತೆ. ಅವಧಿ ಮುಗಿದಿದ್ರೂ ಮುಖ ಹೋಲಿದ್ರೆ ಸಾಕು. ಯಾವುದೂ ಇಲ್ಲದವರಿಗೆ ಕೌನ್ಸಿಲ್‌ನಿಂದ ಪುಕ್ಕಟೆ ಮತದಾರರ ಪ್ರಮಾಣಪತ್ರ ಸಿಗುತ್ತೆ, ಆದ್ರೆ ಮುಂಚೆನೇ ಅರ್ಜಿ ಹಾಕ್ಬೇಕು.

ಬಿಸಿಬೇಳೆ · 7 ಮೇ 2023, 7:15

ನಮ್ಮವರು ನಿಲ್ಲಬಹುದಾ? ಲ್ಯಾಂಬೆತ್ ಡಿಸ್ಟ್ರಿಕ್ಟ್‌ನಲ್ಲಿ ಕಲಬುರಗಿಯವರೊಬ್ಬರು ಮೇಯರ್ ಆಗಿದ್ರಲ್ಲ.

ಹಳೇ ಟಪಾಲು · 7 ಮೇ 2023, 7:40

ಡಾ. ನೀರಜ್ ಪಾಟೀಲ್. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಓಡಾಡಿದವರು, 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಒಂದು ತಿದ್ದುಪಡಿ: ಲ್ಯಾಂಬೆತ್ ಡಿಸ್ಟ್ರಿಕ್ಟ್ ಅಲ್ಲ, ಅದು ಲಂಡನ್‌ನ ಒಂದು ‘ಬರೋ’ (borough), ಅಂದ್ರೆ ನಗರದೊಳಗಿನ ಆಡಳಿತ ವಿಭಾಗ. ಅಲ್ಲಿ ಮೇಲೆ ಕೌಂಟಿ ಇಲ್ಲ, ಶಾಲೆಯಿಂದ ಕಸದ ತನಕ ಬಹುಪಾಲು ಅವರೇ. ಅವರ ಚುನಾವಣೆ ಹೋದ ವರ್ಷವೇ ಆಯ್ತು.

ನಿಲ್ಲೋದಕ್ಕೆ ಸೂಚಕರೊಬ್ಬರು, ಅನುಮೋದಕರೊಬ್ಬರು, ಎರಡೇ ಸಹಿ. ಮೊದಲು ಹತ್ತು ಬೇಕಿತ್ತು. ಠೇವಣಿ ಇಲ್ಲ. ಆದ್ರೆ ವೋಟಿಗೆ ವೀಸಾ ಸಾಕು, ನಿಲ್ಲೋಕೆ ಖಾಯಂ ವಾಸದ ಅನುಮತಿ ಇರಬೇಕು. ಗೆದ್ದವರಿಗೆ ಸಂಬಳ ಇಲ್ಲ, ಭತ್ಯೆ ಮಾತ್ರ. ಹಗಲು ಕೆಲಸ ಮಾಡಿ ಸಂಜೆ ಸಭೆಗೆ ಹೋಗೋ ಜನ ಇವರು, ಅದನ್ನೂ ನೆನಪಿಡಿ.

ಮಂಡ್ಯ ಬೆಲ್ಲ · 13 ಮೇ 2023, ಸಂಜೆ 5:00

ಕಾಂಗ್ರೆಸ್ 135! ಬಿಜೆಪಿ 66, ದಳ 19. ಇದಪ್ಪ ಫಲಿತಾಂಶ ಅಂದ್ರೆ. ಮತದಾನ ಶೇಕಡಾ 73. ನಿಮ್ಮ ಸಫೋಕ್‌ನಲ್ಲಿ ಎಷ್ಟು ಜನ ಹೋದ್ರು?

ಲೆಕ್ಕಿಗ · 13 ಮೇ 2023, 5:20

ಇಲ್ಲಿ ಕೌನ್ಸಿಲ್ ಚುನಾವಣೆಗೆ ಮೂರರಲ್ಲಿ ಒಬ್ಬರು ಬಂದ್ರೆ ಹೆಚ್ಚು, ನಿಮ್ಮ ಮಾತು ಸರಿ. ಆದ್ರೆ ಒಂದು ಕೇಳ್ತೀನಿ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು ಎರಡು ವರ್ಷ ಆಯ್ತು, ಚುನಾವಣೆ ಎಲ್ಲಿ? ಬಿಬಿಎಂಪಿಗೆ 2015ರಲ್ಲಿ ಆಗಿದ್ದೇ ಕೊನೆ. ಇಲ್ಲಿ ಮೂರರಲ್ಲಿ ಒಬ್ಬರಾದ್ರೂ ಹೋಗೋಕೆ ಒಂದು ಬೂತ್ ಇದೆ.

ಮಂಡ್ಯ ಬೆಲ್ಲ · 13 ಮೇ 2023, 5:26

ಅದು ಮಾತ್ರ ನಮಗೆಲ್ಲ ಹೊಟ್ಟೆ ಉರಿಯೋ ವಿಷಯ. ಒಪ್ಕತೀನಿ.

ತುಂಗಾತೀರ · 26 ಜೂನ್ 2023

ಇಲ್ಲಿನ ಚುನಾವಣಾ ಆಯೋಗದ ವರದಿ ಬಂತು. ಗುರುತಿನ ಚೀಟಿ ಇಲ್ಲದೆ ಬೂತ್‌ನಿಂದ ವಾಪಸ್ ಹೋಗಿ ಮತ ಹಾಕಲಾಗದವರು ಸುಮಾರು 14,000. ಶೇಕಡಾ 0.25 ಅಷ್ಟೇ ಅಂತ ಹೇಳೋರಿದ್ದಾರೆ. ಬಾಗಿಲ ಹತ್ತಿರ ಬರುವಷ್ಟರಲ್ಲೇ ನೆನಪಾಗಿ ತಿರುಗಿ ಹೋದವರು ಆ ಲೆಕ್ಕಕ್ಕೆ ಪೂರ್ತಿ ಸಿಕ್ಕಿಲ್ಲ.

ಹುಬ್ಬಳ್ಳಿ ಮಂದಿ · 6 ಜುಲೈ 2024

ಹಳೇ ಚರ್ಚೆ ಎಬ್ಬಸಾಕತ್ತೀನಿ. ತಂಗೀ, ನೋಡಿದ್ರೇನು? ಮೊನ್ನೆ ಪಾರ್ಲಿಮೆಂಟ್ ಚುನಾವಣ್ಯಾಗ ನಿಮ್ಮ ಉತ್ತರಕ್ಕಿರೋ ವೇವ್ನಿ ವ್ಯಾಲಿ ಕ್ಷೇತ್ರದಾಗ ಗ್ರೀನ್ಸ್‌ನ ಏಡ್ರಿಯನ್ ರ‍್ಯಾಮ್ಸಿ ಎಂಪಿ ಆದ್ರು. ದೇಶದಾಗ ಗ್ರೀನ್ಸ್‌ಗೆ ಬಂದಿದ್ದ ನಾಕು ಸೀಟು, ಅದ್ರಾಗ ಇದೊಂದು. ಆದ್ರ ನಿಮ್ಮ ಸ್ಟೋಮಾರ್ಕೆಟ್ ಇರೋ ಕ್ಷೇತ್ರ ಲೇಬರ್‌ಗೆ ಹೋತು! ಕೌನ್ಸಿಲ್‌ನ್ಯಾಗ ಸೊನ್ನಿ ಇದ್ದವರು ಎಂಪಿ ತಗೊಂಡ್ರು. ನಾ ಹೇಳಿದ್ದ ಸಿಟ್ಟು ಇದ ಅಲ್ಲೇನು?

ಸಫೋಕ್ ಸೊಸೆ · 6 ಜುಲೈ 2024

ಅಣ್ಣ, ಇದು ನನ್ನ ಮಾತಿಗೇ ಸಾಕ್ಷಿ! ಸಿಟ್ಟು ತೋರಿಸೋಕೆ ಬೇರೆ ಚುನಾವಣೆ, ಕಾಲುದಾರಿಗೆ ಬೇರೆ ಚುನಾವಣೆ ಅಂತ ಜನ ಬೇರೆ ಮಾಡಿ ನೋಡಿದ್ದಾರೆ. ಪಕ್ಕದ ಮನೆ ಅಜ್ಜಿನೇ ಕೌನ್ಸಿಲ್‌ಗೆ ಗ್ರೀನ್, ಪಾರ್ಲಿಮೆಂಟಿಗೆ ಲೇಬರ್ ಹಾಕಿದ್ದಾರೆ. ನನಗೆ ಅವರೇ ಹೇಳಿದ್ದು.

ಕಡಲ ತಡಿ · 10 ಜುಲೈ 2024

ನಾನೂ ಈ ಸಲ ವೋಟು ಹಾಕಿದೆ, ಮೊದಲ ಸಲ. ಪ್ರಶ್ನೆ ಒಂದು ಇದೆ. ನಾರ್ವಿಚ್‌ನಿಂದ ಟಿಲ್ಬರಿಗೆ ಹಾಕುವ ವಿದ್ಯುತ್ ಕಂಬದ ಸಾಲನ್ನು ತಡೆದು ಬೇರೆ ದಾರಿ ನೋಡಿ ಎಂದು ರ‍್ಯಾಮ್ಸಿಯವರು ಹೇಳುತ್ತಿದ್ದಾರೆ. ಸಮುದ್ರದ ಗಾಳಿಯಂತ್ರಗಳ ಕರೆಂಟು ತರುವ ಕಂಬಗಳು ಅವು. ಪರಿಸರದ ಪಕ್ಷವೇ ಅದನ್ನು ಬೇಡ ಎಂದರೆ ಹೇಗೆ?

ಹಳೇ ಟಪಾಲು · 10 ಜುಲೈ 2024

ನನಗೂ ಅದು ಸರಿ ಕಾಣ್ತಿಲ್ಲ. 400 ಕಿಲೋವೋಲ್ಟ್ ಲೈನು, ಸುಮಾರು 180 ಕಿಲೋಮೀಟರ್. ಹೊಲದ ನಡುವೆ ಬರುತ್ತೆ ಅಂತ ರೈತರಿಗೆ ಸಂಕಟ ಇದೆ, ಅದು ನಿಜ. ಆದ್ರೆ ಗಾಳಿ ಕರೆಂಟು ಬೇಕು, ತಂತಿ ಬೇಡ ಅಂದ್ರೆ ಆಗಲ್ಲ. ಮತ್ತೆ ಇದರಲ್ಲೂ ಡಿಸ್ಟ್ರಿಕ್ಟ್‌ಗೆ ಅಧಿಕಾರ ಇಲ್ಲ, ಆಕ್ಷೇಪ ಬರೆದು ಕಳಿಸಬಹುದು ಅಷ್ಟೇ. ತೀರ್ಮಾನ ಲಂಡನ್‌ನಲ್ಲಿ.

ಸಫೋಕ್ ಸೊಸೆ · 10 ಜುಲೈ 2024

ಟಪಾಲು ಅವರೇ, ಇಲ್ಲಿ ಬಂದು ಆ ಹೊಲಗಳನ್ನ ಒಮ್ಮೆ ನೋಡಿ. ನಮ್ಮೂರು ಸಾಗರದಲ್ಲಿ ನಮ್ಮ ತೋಟದ ಮೇಲೆ ಲೈನ್ ಹೋದಾಗ ಅಪ್ಪ ಎಷ್ಟು ದಿನ ಊಟ ಬಿಟ್ಟಿದ್ರು ಅಂತ ನನಗೆ ಗೊತ್ತು. ಸಮುದ್ರದ ತಳದಲ್ಲಿ ತಂತಿ ಹಾಕೋದನ್ನ ಮೊದಲು ಪೂರ್ತಿ ನೋಡಿ ಅನ್ನೋದು ತಪ್ಪಲ್ಲ.

ಲೆಕ್ಕಿಗ · 18 ಡಿಸೆಂಬರ್ 2024

ಕೊನೆಗೂ ಈ ಚರ್ಚೆಯ ಬುಡಕ್ಕೇ ಕೊಡಲಿ ಬಿತ್ತು. ಮೊನ್ನೆ 16ಕ್ಕೆ ಸರಕಾರ ಶ್ವೇತಪತ್ರ ಹೊರಡಿಸಿದೆ. ಕೌಂಟಿ, ಡಿಸ್ಟ್ರಿಕ್ಟ್ ಅಂತ ಎರಡು ಹಂತ ಇರೋ ಕಡೆಯೆಲ್ಲ ಒಂದೇ ಹಂತ ಮಾಡ್ತಾರಂತೆ. ಮಿಡ್ ಸಫೋಕ್ ಕೌನ್ಸಿಲ್ ಕೂಡ ಇರಲ್ಲ.

ಹುಬ್ಬಳ್ಳಿ ಮಂದಿ · 18 ಡಿಸೆಂಬರ್ 2024

ಒಳ್ಳೇದಾತು. ಗುಂಡಿ ಯಾರದು, ಕಸ ಯಾರದು ಅಂತ ಮಂದಿ ತಲಿ ಕೆಡಿಸ್ಕೊಳ್ಳೂದು ತಪ್ಪತೈತಿ.

ಸಫೋಕ್ ಸೊಸೆ · 18 ಡಿಸೆಂಬರ್ 2024

ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಲಕ್ಷಗಟ್ಟಲೆ ಜನಕ್ಕೆ ಒಂದೇ ಕೌನ್ಸಿಲ್ ಆದ್ಮೇಲೆ ಮುಳ್ಳುಗಿಡದ ವಿಷಯ ಪುಸ್ತಕದಲ್ಲಿ ಬರ್ಕೊಳ್ಳೋಕೆ ಯಾರು ಬರ್ತಾರೆ? ಹಣ ಉಳಿಯುತ್ತೆ ಅಂತ ಹೇಳ್ತಾರೆ, ಉಳಿಯಬಹುದು. ನಾನು ಆಕ್ಷೇಪ ಬರೆದು ಕಳಿಸ್ತೀನಿ. ಅಜ್ಜಿನೂ ಸಹಿ ಹಾಕ್ತಾರಂತೆ.

ಹೊಸಬ · 22 ಡಿಸೆಂಬರ್ 2024

ನಮಸ್ಕಾರ. ಹೋದ ತಿಂಗಳು ನೀಡಮ್ ಮಾರ್ಕೆಟ್‌ಗೆ ಬಂದೆ, ಸ್ಟೂಡೆಂಟ್ ವೀಸಾ. ನಾನು ಹೆಸರು ಸೇರಿಸಬಹುದಾ? ಕೌನ್ಸಿಲ್ಲೇ ಹೋಗುತ್ತೆ ಅಂದ್ರೆ ಸೇರಿಸಿ ಉಪಯೋಗ ಇದೆಯಾ?

ಸಫೋಕ್ ಸೊಸೆ · 22 ಡಿಸೆಂಬರ್ 2024

ಖಂಡಿತ ಸೇರಿಸು ತಮ್ಮ. ಕೌನ್ಸಿಲ್ ಯಾವುದೇ ಬರಲಿ, ಮತದಾರರ ಪಟ್ಟಿ ಇದ್ದೇ ಇರುತ್ತೆ, ಪಾರ್ಲಿಮೆಂಟಿಗೂ ಅದೇ ಪಟ್ಟಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬಂದಿದ್ರೆ ಕೈಯಲ್ಲಿ ಇಟ್ಕೋ. ಬಂದಿಲ್ಲದಿದ್ರೂ ಅರ್ಜಿ ಹಾಕಬಹುದು, ಬೇರೆ ದಾಖಲೆ ಕೇಳ್ತಾರೆ. ಭಾನುವಾರ ಮನೆಗೆ ಬಾ, ಕೂತು ಒಟ್ಟಿಗೆ ತುಂಬೋಣ. ರೈಲಲ್ಲಿ ಒಂದೇ ಸ್ಟೇಷನ್.